ಸೆಬೆ, ಮಣ್ಣಿನ ಕುಡಿಕೆ, ಬಬಲ್ ಟಿಪ್: ಒಂದು ಜೋಡಿ ಕ್ಲೌನ್‌ಫಿಶ್‌ಗೆ ಮೂರು ಆಸರೆಗಳು

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಜಾರದಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿರುವ ಒಂದೇ ಜೋಡಿ ಆಸಿಲ್ಲಾರಿಸ್ ಜಾತಿಯ ಕ್ಲೌನ್‌ಫಿಶ್ (ಕಿತ್ತಳೆ ಮೈಯ ಮೇಲೆ ಬಿಳಿ ಪಟ್ಟೆಯ ಕಡಲ ಮೀನು) ಎರಡು ವರ್ಷಗಳಲ್ಲಿ ಮೂರು ಬಗೆಯ ಆಸರೆಯನ್ನು ಕಂಡಿದೆ: ಮೊದಲು ಸೆಬೆ ಅನಿಮೋನ್, ಆಮೇಲೆ ಮಣ್ಣಿನ ಕುಡಿಕೆ, ಈಗ ಬಬಲ್ ಟಿಪ್ ಅನಿಮೋನ್. ಅನಿಮೋನ್ ಎಂದರೆ ಹೂವಿನಂತೆ ಕಾಣುವ, ಕುಟುಕುವ ಎಳೆಗಳುಳ್ಳ ಕಡಲ ಪ್ರಾಣಿ. ಆ ಎಳೆಗಳ ನಡುವೆ ಕ್ಲೌನ್‌ಫಿಶ್ ಆಸರೆ ಪಡೆಯುತ್ತದೆ. ಮೀನು, ನೀರು, ಉಪ್ಪು ಯಾವುದೂ ಬದಲಾಗದೆ ಆಸರೆಯಷ್ಟೇ ಬದಲಾದದ್ದರಿಂದ ಈ ಹೋಲಿಕೆಗೆ ಒಂದಿಷ್ಟು ಬೆಲೆಯಿದೆ ಎಂದು ನಂಬಿದ್ದೇನೆ.

ನೀರಿನ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಆರ್‌.ಓ. ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿ ಸಾಂದ್ರತೆಯನ್ನು 1.025ರಲ್ಲಿ, ಉಷ್ಣತೆಯನ್ನು 25ರಿಂದ 27 ಡಿಗ್ರಿಯಲ್ಲಿ ಇರಿಸಿಕೊಂಡಿದ್ದೇನೆ. ಏಪ್ರಿಲ್ ಬಂತೆಂದರೆ ಈ ಊರಿನಲ್ಲೂ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುತ್ತದೆ. ಮೇಲ್ಮೈಗೆ ಸಣ್ಣ ಫ್ಯಾನ್ ಗಾಳಿ ತಾಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಆರಿಹೋಗುವುದು ನೀರೇ ಹೊರತು ಉಪ್ಪಲ್ಲ, ಆದ್ದರಿಂದ ಆ ಕೊರತೆಯನ್ನು ಉಪ್ಪಿಲ್ಲದ ಆರ್‌.ಓ. ನೀರಿನಿಂದಲೇ ತುಂಬಬೇಕು.

ಸೆಬೆಯನ್ನು ತಂದಾಗ ಟ್ಯಾಂಕಿಗೆ ಎರಡು ತಿಂಗಳಷ್ಟೇ ಆಗಿತ್ತು. ಹಾಲಿನಂಥ ಬಿಳಿ ಮೈ, ನೇರಳೆ ತುದಿ. ಅದೇ ಅದರ ಸಹಜ ಬಣ್ಣವೆಂದು ಅಂಗಡಿಯವರು ಹೇಳಿದರು, ನಾನು ನಂಬಿದೆ. ಆರೋಗ್ಯವಾಗಿರುವ ಸೆಬೆಯ ಮೈ ಸಾಮಾನ್ಯವಾಗಿ ಕಂದು ಛಾಯೆಯದಾಗಿರುತ್ತದೆ, ಏಕೆಂದರೆ ಅದರ ಅಂಗಾಂಶದೊಳಗೆ ಬೆಳಕಿನಿಂದ ಆಹಾರ ತಯಾರಿಸಿ ಕೊಡುವ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಅಚ್ಚ ಬಿಳಿಯ ಅನಿಮೋನ್ ಎಂದರೆ ಆ ಪಾಚಿಯನ್ನು ಕಳೆದುಕೊಂಡು ಹಸಿದಿರುವ ಅನಿಮೋನ್. ಸಾಲದ್ದಕ್ಕೆ ಸೆಬೆ ತನ್ನ ಬುಡವನ್ನು ಮರಳಿನಲ್ಲಿ ಆಳವಾಗಿ ಹುದುಗಿಸಿಕೊಳ್ಳುವ ಪ್ರಾಣಿ. ನನ್ನ ಟ್ಯಾಂಕಿನಲ್ಲಿದ್ದದ್ದು ಮೂರು ಸೆಂಟಿಮೀಟರ್ ಮರಳು. ಅದು ಕಾಲೂರಲಾರದೆ ಮೂಲೆಯಿಂದ ಮೂಲೆಗೆ ಉರುಳಿತು. ಹತ್ತೊಂಬತ್ತನೆಯ ಬೆಳಿಗ್ಗೆ ಅದರ ಬಾಯಿ ಅಗಲವಾಗಿ ತೆರೆದುಕೊಂಡಿತ್ತು, ಮುಚ್ಚಳ ಎತ್ತಿದ ಕೂಡಲೇ ಕೊಳೆತ ವಾಸನೆ ಮುಖಕ್ಕೆ ಬಡಿಯಿತು, ಎತ್ತಲು ಹೋದರೆ ಗಂಜಿಯಂತೆ ಬೆರಳ ಸಂದಿಯಿಂದ ಜಾರಿತು. ಅಮೋನಿಯಾ ಏರಿ ಮೀನುಗಳೂ ಏದುಸಿರು ಬಿಡುತ್ತಿದ್ದವು. ಆ ದಿನ 60 ಲೀಟರ್ ನೀರು ಬದಲಿಸಿ ಅವನ್ನು ಉಳಿಸಿಕೊಂಡೆ. ನನ್ನ ಆತುರಕ್ಕೆ ಒಂದು ಜೀವ ಹೋಯಿತೆಂಬ ನೋವು ಈಗಲೂ ಇದೆ.

ಮುಂದಿನ ಒಂದು ವರ್ಷ ಅನಿಮೋನ್ ತರಲಿಲ್ಲ. ಕ್ಲೌನ್‌ಫಿಶ್ ಸಾಕುವವರು ಮೊಟ್ಟೆಗಾಗಿ ಮಣ್ಣಿನ ಪಾತ್ರೆ ಇಡುವುದನ್ನು ತಿಳಿದು, ಬಣ್ಣ ಬಳಿಯದ, ಹೊಳಪು ಲೇಪವಿಲ್ಲದ ಕುಡಿಕೆಯೊಂದನ್ನು ವಾರವಿಡೀ ನೆನೆಸಿ, ಬಂಡೆಯ ಪಕ್ಕದಲ್ಲಿ ಅಡ್ಡಲಾಗಿ ಮಲಗಿಸಿದೆ. ನಾಲ್ಕನೆಯ ದಿನಕ್ಕೆ ದೊಡ್ಡ ಮೀನು ಅದರ ಬಾಯಿಯಲ್ಲಿ ಮಲಗತೊಡಗಿತು, ಗಾಜು ಒರೆಸಲು ಕೈಯಿಟ್ಟರೆ ಕಚ್ಚಲು ಬರುತ್ತಿತ್ತು. ಕಡಲಿನಲ್ಲಿ ಬೇಟೆಗಾರ ಮೀನುಗಳಿಂದ ಉಳಿಯಲು ಕ್ಲೌನ್‌ಫಿಶ್‌ಗೆ ಅನಿಮೋನ್ ಬೇಕೇ ಬೇಕು. ಬೇಟೆಗಾರರಿಲ್ಲದ ಟ್ಯಾಂಕಿನಲ್ಲಿ ಅದಕ್ಕೆ ಬೇಕಾದದ್ದು ತನ್ನದೆನ್ನಬಹುದಾದ ಒಂದು ನೆಲೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗಿ, ಸಣ್ಣದು ಗಂಡಾಗಿ ನೆಲೆಗೊಂಡದ್ದು ಈ ಕುಡಿಕೆಯ ಕಾಲದಲ್ಲೇ.

ಬಬಲ್ ಟಿಪ್ ಬಂದದ್ದು ಹದಿನೈದನೆಯ ತಿಂಗಳಲ್ಲಿ, ತ್ಯಾಜ್ಯದಿಂದ ನೀರಿನಲ್ಲಿ ಕೂಡಿಕೊಳ್ಳುವ ನೈಟ್ರೇಟ್ ಸತತವಾಗಿ 10 ಪಿ.ಪಿ.ಎಂ.ಗಿಂತ (ಹತ್ತು ಲಕ್ಷದಲ್ಲಿ ಹತ್ತು ಭಾಗಕ್ಕಿಂತ) ಕೆಳಗಿದ್ದಾಗ. ಈ ಸಲ ಕಂದು ಬಣ್ಣದ, ಬಾಯಿ ಬಿಗಿಯಾಗಿ ಮುಚ್ಚಿದ, ಬುಡ ಹರಿಯದ ಪ್ರಾಣಿಯನ್ನೇ ಆರಿಸಿದೆ. ಇದು ಮರಳನ್ನಲ್ಲ, ಬಂಡೆಯ ಬಿರುಕನ್ನು ಹುಡುಕುತ್ತದೆ. ಮನಸ್ಸಿಗೆ ಒಪ್ಪುವ ಜಾಗ ಸಿಗುವವರೆಗೆ ತಿರುಗುತ್ತದೆ. ನಮ್ಮದು ಒಂಬತ್ತು ದಿನ ತಿರುಗಿತು. ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ಪಂಪಿಗೆ ಸಿಲುಕಿದರೆ ಅನಿಮೋನ್ ಚೂರುಚೂರಾಗಿ ಇಡೀ ಟ್ಯಾಂಕೇ ಹಾಳಾಗುವುದರಿಂದ ಪಂಪಿಗೆ ಮೊದಲೇ ಸ್ಪಂಜಿನ ಕವಚ ಹಾಕಿದ್ದೆ. ಅದರೊಳಗಿನ ಪಾಚಿಗೆ ಬೇಕಾದ ಬಲವಾದ ರೀಫ್ ಲೈಟಿಗೆ ಅನಿಮೋನ್‌ಗಿಂತ ಹೆಚ್ಚು ಖರ್ಚಾಯಿತು.

ಇನ್ನೊಂದು ಮಾತನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಕಡಲಿನಲ್ಲಿ ಆಸಿಲ್ಲಾರಿಸ್ ವಾಸಿಸುವುದು ಬಬಲ್ ಟಿಪ್‌ನಲ್ಲಿ ಅಲ್ಲ, ಮ್ಯಾಗ್ನಿಫಿಕಾ ಮತ್ತು ಕಾರ್ಪೆಟ್ ಜಾತಿಯ ಅನಿಮೋನ್‌ಗಳಲ್ಲಿ. ಟ್ಯಾಂಕಿನಲ್ಲಿ ಹಲವು ಜೋಡಿಗಳು ಬಬಲ್ ಟಿಪ್ಪನ್ನು ಒಪ್ಪುತ್ತವೆ, ಕೆಲವು ಎಂದೂ ಒಪ್ಪುವುದಿಲ್ಲ. ನಮ್ಮಲ್ಲಿ ಇಪ್ಪತ್ತಮೂರನೆಯ ದಿನ ಗಂಡು ಬಾಲವನ್ನಷ್ಟೇ ತಾಗಿಸಿ ಹಿಂದೆಗೆಯಿತು, ಮತ್ತೆ ತಾಗಿಸಿತು, ಸಂಜೆಯ ಹೊತ್ತಿಗೆ ಅರ್ಧ ಮೈಯನ್ನು ಒಳಗೆ ಹುದುಗಿಸಿತ್ತು. ಈಗ ನಾನು ಹಾಕುವ ಸಿಗಡಿ ಚೂರನ್ನು ಹೆಣ್ಣು ಬಾಯಲ್ಲಿ ಕಚ್ಚಿಕೊಂಡು ಹೋಗಿ ಅನಿಮೋನ್‌ನ ನಡುವೆ ಬಿಡುತ್ತದೆ.

ಹೊಸಬರಿಗೆ ಸೆಬೆಯನ್ನು ನಾನು ಸೂಚಿಸುವುದಿಲ್ಲ. ಮೊದಲ ವರ್ಷ ಕುಡಿಕೆಯೇ ಸರಿ. ಬಬಲ್ ಟಿಪ್ ಆಮೇಲೆ, ಅದೂ ಕರೆಂಟು ಹೋದಾಗ ನಡೆಯುವ ಬ್ಯಾಟರಿ ಏರ್‌ಪಂಪ್ ಮನೆಯಲ್ಲಿದ್ದರೆ. ಅನಿಮೋನ್ ಬಂದ ಮೇಲೂ ಕುಡಿಕೆಯನ್ನು ತೆಗೆಯಬೇಡಿ. ಬಬಲ್ ಟಿಪ್ ಕೊನೆಗೆ ಬಂದು ನಿಂತದ್ದು ಅದರ ಒಂದು ಗೇಣು ದೂರದಲ್ಲಿ, ಕಳೆದ ತಿಂಗಳು ನಮ್ಮ ಹೆಣ್ಣು ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಸಾಲಾಗಿ ಅಂಟಿಸಿದ್ದು ಆ ಕುಡಿಕೆಯ ಒಳಗೋಡೆಗೆ.