ಲಿನಕ್ಸ್ ತೆಗೆಸಿದರೆ ಯುಎಸ್‌ಬಿ ಸರಿಹೋಗುತ್ತೆ ಅಂದರು, ನಾನೂ ನಂಬಿದೆ

ವಿಂಡೋಸೂ ಲಿನಕ್ಸೂ ಎರಡೂ ಇರುವ ಡ್ಯುಯಲ್ ಬೂಟ್ ಲ್ಯಾಪ್‌ಟಾಪ್ ಇಟ್ಟುಕೊಂಡಿರುವವರು, ಯುಎಸ್‌ಬಿ ತೊಂದರೆ ಅಂತ ಅದನ್ನು ಸರ್ವಿಸ್‌ಗೆ ಕೊಡುವ ಮುಂಚೆ ದಯವಿಟ್ಟು ಇದನ್ನು ಓದಿ. ಪೂರ್ತಿ ಓದೋಕೆ ಪುರುಸೊತ್ತಿಲ್ಲ ಅಂದರೆ ಕೇಬಲ್ ಬದಲಾಯಿಸಿ ನೋಡಿ ಸಾಕು. ಅಷ್ಟೇ ವಿಷಯ. ಆ ಅಷ್ಟೇ ವಿಷಯಕ್ಕೆ ನನ್ನ ಇಡೀ ಲಿನಕ್ಸ್ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಲಿನಕ್ಸ್ ಇದ್ದ ಭಾಗವೇ ಹೋಯಿತು.

ಕಂಪನಿ ಹೆಸರು ಹಾಕುತ್ತಿಲ್ಲ. ಕೇಳಬೇಡಿ.

ನನ್ನ ಹತ್ತಿರ ಬ್ಯಾಕಪ್‌ಗೆ ಅಂತ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಅಗಲ ಚಪ್ಪಟೆ ಮೂತಿಯ ಮೈಕ್ರೋ-ಬಿ ಕೇಬಲ್ ಬರುತ್ತಲ್ಲ, ಆ ಥರದ್ದು. ಒಂದು ದಿನ ಲಿನಕ್ಸ್‌ನಲ್ಲಿ ಬ್ಯಾಕಪ್ ಅರ್ಧಕ್ಕೇ ನಿಂತಿತು. ಕಿತ್ತು ಮತ್ತೆ ಚುಚ್ಚಿದೆ, ಬಂತು. ಮಾರನೇ ದಿನ ಬರಲೇ ಇಲ್ಲ. ಲಿನಕ್ಸ್ ಒಳಗಿನ ಸಂದೇಶ ತೋರಿಸುವ ಡಿಮೆಸ್ಗ್ ಕಮ್ಯಾಂಡ್ ಹಾಕಿ ನೋಡಿದರೆ ಪುಟಗಟ್ಟಲೆ ಒಂದೇ ರಾಗ: ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71’. ಆಮೇಲೆ ‘ನಾಟ್ ಆಕ್ಸೆಪ್ಟಿಂಗ್ ಅಡ್ರೆಸ್’. ಕೊನೆಗೆ ‘ಅನೇಬಲ್ ಟು ಎನ್ಯುಮರೇಟ್ ಯುಎಸ್‌ಬಿ ಡಿವೈಸ್’.

-71 ಅಂದರೆ ಪ್ರೋಟೊಕಾಲ್ ಎರರ್. ‘ಯಾರಪ್ಪಾ ನೀನು’ ಅಂತ ಕರ್ನಲ್ (ಓಎಸ್‌ನ ತಿರುಳು) ಕೇಳಿದ್ದಕ್ಕೆ ಡಿವೈಸ್ ಹೇಳಿದ ಉತ್ತರ (ಅದೇ ಡಿಸ್ಕ್ರಿಪ್ಟರ್) ದಾರಿಯಲ್ಲಿ ಕಲಸುಮೇಲೋಗರ ಆಗಿದೆ ಅಂತ ಅರ್ಥ. -110 ಆಗಿದ್ದರೆ ಉತ್ತರವೇ ಬರಲಿಲ್ಲ ಅಂತ, ಟೈಮ್‌ಔಟ್. ಎರಡಕ್ಕೂ ಮೊದಲು ಅನುಮಾನಿಸಬೇಕಾದ್ದು ಕೇಬಲ್ಲು, ಪೋರ್ಟು, ಪೋರ್ಟಿಗೆ ಸಿಗುವ ಕರೆಂಟು. ನನಗಿದು ಗೊತ್ತಿಲ್ಲದ್ದೇನಲ್ಲ, ಅದೇ ನಾಚಿಕೆ. ಗೊತ್ತಿದ್ದೂ ಎರಡು ರಾತ್ರಿ ಕೂತು ಏನೇನೋ ಮಾಡಿದೆ. ಎರಡು ಸೆಕೆಂಡ್ ಸುಮ್ಮನಿದ್ದರೆ ಡಿವೈಸನ್ನು ಮಲಗಿಸುವ ಆಟೋಸಸ್ಪೆಂಡ್ ಇದೆಯಲ್ಲ, ಗ್ರಬ್‌ನಲ್ಲಿ (ಯಾವ ಓಎಸ್ ಬೂಟ್ ಮಾಡಬೇಕು ಅಂತ ಮೆನು ತೋರಿಸುತ್ತಲ್ಲ, ಅದು) ಅದಕ್ಕೆ -1 ಕೊಟ್ಟು ನಿಲ್ಲಿಸಿದೆ. ಯುಎಸ್‌ಬಿ ಡಿಸ್ಕ್ ಜೊತೆ ವೇಗವಾಗಿ ಮಾತಾಡುವ ಯುಎಎಸ್ ಆಫ್ ಮಾಡಿದೆ. ಹಳೇ ಕರ್ನಲ್‌ಗೆ ಹೋದೆ. ಕೇಬಲ್ ಒಂದನ್ನು ಬಿಟ್ಟು ಎಲ್ಲ ಮುಟ್ಟಿದೆ.

ದಾರಿ ತಪ್ಪಿಸಿದ್ದು ಇನ್ನೊಂದು. ವಿಂಡೋಸ್‌ನಲ್ಲಿ ಕೆಲಸ ಮಾಡಿ ಶಟ್‌ಡೌನ್ ಕೊಟ್ಟು ಲಿನಕ್ಸ್‌ಗೆ ಬಂದ ದಿನ, ಡಿಸ್ಕ್ ಕಾಣಿಸಿದರೂ ಮೌಂಟ್ ಆಗುತ್ತಿರಲಿಲ್ಲ, ಅಂದರೆ ಒಳಗಿನ ಫೈಲ್ ತೆರೆಯೋಕೆ ಸಿಗುತ್ತಿರಲಿಲ್ಲ. ‘ವಾಲ್ಯೂಮ್ ಈಸ್ ಡರ್ಟಿ’ ಅಂತ ಹಟ. ಅದು ಫಾಸ್ಟ್ ಸ್ಟಾರ್ಟಪ್ ಕರಾಮತ್ತು. ವಿಂಡೋಸ್ 8ರಿಂದ ಬಂದ ಪಿಡುಗು. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳಲ್ಲ, ತನ್ನ ಕರ್ನಲ್ಲನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತೆ, ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕುಗಳು ಅರ್ಧ ತೆರೆದೇ ಇರುತ್ತವೆ. ರೀಸ್ಟಾರ್ಟ್ ಕೊಟ್ಟರೆ ನಿಜವಾಗಿ ಮುಚ್ಚುತ್ತೆ. ಇದು ಬೇರೆ ರೋಗ, -71 ಬೇರೆ ರೋಗ. ಎರಡೂ ಒಟ್ಟಿಗೆ ಬಂದಿದ್ದರಿಂದ ‘ವಿಂಡೋಸ್‌ನಲ್ಲಿ ಬರುತ್ತೆ, ಲಿನಕ್ಸ್‌ನಲ್ಲಿ ಬರಲ್ಲ’ ಅಂತ ನನ್ನ ತಲೆಯಲ್ಲೂ ಕೂತುಬಿಟ್ಟಿತು.

ಅದನ್ನೇ ಹೋಗಿ ಸರ್ವಿಸ್ ಸೆಂಟರ್‌ನಲ್ಲಿ ಹೇಳಿದೆ. ಹೇಳಬಾರದಿತ್ತು. ಅವರಿಗೆ ಬೇಕಾದ ವಾಕ್ಯವನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟೆ.

ಟೆಕ್ನಿಷಿಯನ್ ಲ್ಯಾಪ್‌ಟಾಪ್ ಆನ್ ಮಾಡಿದ. ಗ್ರಬ್ ಮೆನು ಕಂಡಿದ್ದೇ ತಡ, “ಓ, ಲಿನಕ್ಸ್ ಹಾಕಿದ್ದೀರಾ ಮೇಡಂ” ಅಂದ. ಡಾಕ್ಟರು “ಓ, ಸಿಗರೇಟ್ ಸೇದ್ತೀರಾ” ಅಂತಾರಲ್ಲ, ಹಂಗೆ.

“ಇದು ಕಂಪನಿ ಕೊಟ್ಟಿದ್ದಲ್ಲ. ಇದು ಹಾಕಿದ್ಮೇಲೆ ಯುಎಸ್‌ಬಿ ಡ್ರೈವರ್ ಕೆಟ್ಟೋಗತ್ತೆ.”

ಲಿನಕ್ಸ್ ಡ್ರೈವರ್ ವಿಂಡೋಸ್ ಡ್ರೈವರನ್ನು ಹೇಗೆ ಕೆಡಿಸುತ್ತೆ, ಒಂದು ಓಡುವಾಗ ಇನ್ನೊಂದು ಓಡುವುದೇ ಇಲ್ಲವಲ್ಲ ಅಂದೆ. “ತೋರಿಸ್ತೀನಿ ಬನ್ನಿ” ಅಂದ.

ಈಗ ಬರುತ್ತೆ ನೋಡಿ ನಾನು ಮೋಸಹೋದ ಜಾಗ. ಎಷ್ಟು ಸಲ ನೆನಪು ಮಾಡಿಕೊಂಡಿದ್ದೀನೋ ಲೆಕ್ಕವಿಲ್ಲ. ವಿಂಡೋಸ್ ಬೂಟ್ ಮಾಡಿದ. ನನ್ನ ಡಿಸ್ಕ್ ತಗೊಂಡ. ನನ್ನ ಕೇಬಲ್ ಬ್ಯಾಗಿನೊಳಗೇ ಇತ್ತು, ತೆಗೆಯೋಕೆ ಹೋದೆ. “ಇರಲಿ ಮೇಡಂ, ಇಲ್ಲೇ ಇದೆ” ಅಂತ ಮೇಜಿನ ಮೇಲಿದ್ದ ಕಪ್ಪು ತೆಳು ಕೇಬಲ್ ಎತ್ತಿಕೊಂಡ. ಹಳೇ ಫೋನ್ ಚಾರ್ಜ್ ಮಾಡುವ ಮೈಕ್ರೋ ಯುಎಸ್‌ಬಿ ಕೇಬಲ್. ಆ ಅಗಲ ಸಾಕೆಟ್ಟಿನ ಒಂದು ಭಾಗಕ್ಕೆ ಅದು ಹಿಡಿಯುತ್ತೆ, ಯುಎಸ್‌ಬಿ 2.0 ವೇಗದಲ್ಲಿ ಕೆಲಸವೂ ಮಾಡುತ್ತೆ. ಪಕ್ಕದ ಭಾಗ ಖಾಲಿ ಬಾಯಿ ಬಿಟ್ಟುಕೊಂಡಿದ್ದು ನನ್ನ ಕಣ್ಣಿಗೆ ಕಾಣುತ್ತಿತ್ತು. ನೋಡಿದೆ. ಏನೂ ಹೊಳೆಯಲಿಲ್ಲ. ಟಣ್ ಅಂತ ಸದ್ದಾಯಿತು, ಫೋಲ್ಡರ್‌ಗಳು ತೆರೆದವು.

“ನೋಡಿದ್ರಾ? ವಿಂಡೋಸ್‌ನಲ್ಲಿ ಪರ್ಫೆಕ್ಟ್.”

ನನ್ನ ಕೇಬಲ್ ಬ್ಯಾಗಿನಲ್ಲಿ. ಅವನ ಕೇಬಲ್ ಡಿಸ್ಕಿನಲ್ಲಿ. ಅದೇ ಕೇಬಲ್ಲಲ್ಲಿ ಲಿನಕ್ಸ್ ಬೂಟ್ ಮಾಡಿ ತೋರಿಸಪ್ಪಾ ಅನ್ನೋಕೆ ಎರಡು ನಿಮಿಷ ಸಾಕಿತ್ತು. ಅನ್ನಲಿಲ್ಲ. ತಲೆಯಾಡಿಸಿದೆ!

ಆಮೇಲೆ ಒಂದು ಫಾರ್ಮ್. ‘ಡೇಟಾಗೆ ನಾವು ಜವಾಬ್ದಾರರಲ್ಲ’. ಎಲ್ಲ ಕಡೆ ಇರುತ್ತಲ್ಲ ಅಂತ ಸಹಿ ಹಾಕಿದೆ. ವಿಂಡೋಸ್ ಮಾತ್ರ ಮತ್ತೆ ಹಾಕಿ, ಲಿನಕ್ಸ್ ಪಾರ್ಟಿಷನ್ ಮುಟ್ಟಬೇಡಿ ಅಂತ ಬಾಯಲ್ಲಿ ಹೇಳಿದೆ. ಬಾಯಲ್ಲಿ. ಫಾರ್ಮಿನ ಮೇಲೆ ಬರೆಸಲಿಲ್ಲ.

ಲ್ಯಾಪ್‌ಟಾಪ್ ವಾಪಸ್ ಬಂದಾಗ ಗ್ರಬ್ ಇರಲಿಲ್ಲ. ಅದು ಸಹಜ, ವಿಂಡೋಸ್ ಹಾಕಿದರೆ ಬೂಟ್ ಸಾಲಿನಲ್ಲಿ ತಾನೇ ಮುಂದೆ ನಿಲ್ಲುತ್ತೆ, ಸರಿ ಮಾಡಿಕೊಳ್ಳಬಹುದು ಅಂದುಕೊಂಡೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದರೆ ಈ ತುದಿಯಿಂದ ಆ ತುದಿಗೆ ಒಂದೇ ಸಿ ಡ್ರೈವ್. ಫೋನ್ ಮಾಡಿದೆ.

“ಹೆಸರಿಲ್ಲದ ಪಾರ್ಟಿಷನ್ ಇತ್ತು ಮೇಡಂ, ಖಾಲಿ ಅಂತ ಸೇರಿಸಿಬಿಟ್ವಿ. ನಿಮಗೇ ಜಾಗ ಜಾಸ್ತಿ ಸಿಕ್ತಲ್ಲ.”

ಜಾಗ ಜಾಸ್ತಿ ಸಿಕ್ಕಿತಂತೆ. ಲಿನಕ್ಸ್ ಫೈಲ್ ಇಡುವ ಎಕ್ಸ್ಟ್4 ಮಾದರಿಯನ್ನು ವಿಂಡೋಸ್ ತಾನಾಗಿ ಓದಲ್ಲ, ಆದ್ದರಿಂದ ಅದರ ಕಣ್ಣಿಗೆ ಹೆಸರಿಲ್ಲ. ಹೆಸರಿಲ್ಲದ್ದು ಖಾಲಿ ಆಗಿಬಿಡುತ್ತಾ?

ಅಳು ಬರುವುದೊಂದು ಬಾಕಿ. ಇರಲಿ, ಹಾರ್ಡ್ ಡಿಸ್ಕಿನಲ್ಲಿರುವ ಹಳೇ ಬ್ಯಾಕಪ್ಪಾದರೂ ನೋಡೋಣ ಅಂತ ನನ್ನ ಕೇಬಲ್ ತೆಗೆದು ಚುಚ್ಚಿದೆ. ಹೊಸ ವಿಂಡೋಸ್, ಲಿನಕ್ಸಿನ ವಾಸನೆಯೂ ಇಲ್ಲ. ಬಂದಿದ್ದೇನು? ‘ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’. ಕೋಡ್ 43. ಲಿನಕ್ಸ್ -71 ಅಂತ ಹೇಳುತ್ತಿದ್ದ ಅದೇ ದೂರು. ಅಲ್ಲೂ ಡಿಸ್ಕ್ರಿಪ್ಟರ್, ಇಲ್ಲೂ ಡಿಸ್ಕ್ರಿಪ್ಟರ್.

ಮತ್ತೆ ಫೋನ್. ಈಗ ಬೇರೆ ಕಥೆ: “ಹಾಗಾದ್ರೆ ಪೋರ್ಟ್ ಹೋಗಿದೆ ಮೇಡಂ. ಮದರ್‌ಬೋರ್ಡ್ ಬದಲಾಯಿಸಬೇಕು. ಲಿನಕ್ಸ್ ಇದ್ದಾಗ ಓವರ್‌ಲೋಡ್ ಆಗಿರತ್ತೆ.” ಮನೆಯಲ್ಲಿ ಇಲ್ಲದವರ ಮೇಲೆ ಕಳ್ಳತನ ಹೊರಿಸೋದು ಅಂದರೆ ಇದೇ. ಪೋರ್ಟ್ ಬರೀ ನನ್ನ ಡಿಸ್ಕಿಗೆ ಹೋಗಿದೆಯಾ, ಮೌಸ್ ಕೆಲಸ ಮಾಡ್ತಿದೆಯಲ್ಲ ಅಂದರೆ “ಮೌಸಿಗೆ ಕಮ್ಮಿ ಕರೆಂಟ್ ಸಾಕು” ಅಂದ. ಆ ಒಂದು ಮಾತು ಸುಳ್ಳಲ್ಲ. ಅದಕ್ಕೇ ಇನ್ನೊಂದು ದಿನ ಹಾಳಾಯಿತು.

ಕೊನೆಗೆ ಒಂದು ಪೆನ್‌ಡ್ರೈವ್‌ಗೆ, ಇನ್‌ಸ್ಟಾಲ್ ಮಾಡದೆ ನೇರ ಓಡುವ ಲೈವ್ ಲಿನಕ್ಸ್ ಬರೆದು, ಹೋಗಿದೆ ಅಂದ ಅದೇ ಪೋರ್ಟಿಗೆ ಹಾಕಿದೆ. ಸತ್ತ ಪೋರ್ಟಿನಿಂದ ಲ್ಯಾಪ್‌ಟಾಪ್ ಬೂಟ್ ಆಯಿತು! ಆಗ ಆ ಕಪ್ಪು ತೆಳು ಕೇಬಲ್ ನೆನಪಾಯಿತು. ಆಗ! ಸಹೋದ್ಯೋಗಿಯ ಡಿಸ್ಕಿನ ಕೇಬಲ್ ತಂದು ಹಾಕಿದೆ, ಯುಎಸ್‌ಬಿ ವೇಗ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ -ಟಿ’ ಕಮ್ಯಾಂಡ್ ಕೊಟ್ಟರೆ ಡಿಸ್ಕಿನ ಮುಂದೆ 5000ಎಂ, ಅಂದರೆ ಯುಎಸ್‌ಬಿ 3 ವೇಗ. ಒಂದು ಗಂಟೆ ಕಾಪಿ ಮಾಡಿದರೂ ಒಂದು ಎರರ್ ಇಲ್ಲ. ನನ್ನ ಕೇಬಲ್ ಹಾಕಿದರೆ 480ಎಂ (ಯುಎಸ್‌ಬಿ 2 ವೇಗ) ಅಂತ ಬಂದು, ಮೂತಿ ಸ್ವಲ್ಪ ಅಲ್ಲಾಡಿಸಿದರೆ -71. ಯುಎಸ್‌ಬಿ 3 ತಂತಿಗಳು ಕೈಕೊಟ್ಟರೆ ಡಿಸ್ಕ್ ಸದ್ದಿಲ್ಲದೆ ಯುಎಸ್‌ಬಿ 2ಕ್ಕೆ ಇಳಿಯುತ್ತೆ. ಬ್ಯಾಕಪ್ ಯಾಕೋ ನಿಧಾನ ಅಂತ ವಾರಗಟ್ಟಲೆ ಗೊಣಗಿದ್ದು ಅದಕ್ಕೇ. ಕೇಬಲ್ ಮೂತಿಯ ಹತ್ತಿರ ರಬ್ಬರ್ ಸೀಳಿ ಒಳಗಿನ ಬೆಳ್ಳಿ ಜಾಲರಿ ಕಾಣುತ್ತಿದೆ. ಡಿಸ್ಕ್ ಜೊತೆಗೇ ಸುತ್ತಿ ಸುತ್ತಿ ಇಡುತ್ತಿದ್ದೆನಲ್ಲ, ಸರಿಯಾಗಿ ಆ ಮಡಿಕೆಯಲ್ಲಿ.

ಇಷ್ಟನ್ನೂ ಫೋಟೋ ಸಮೇತ ಬರೆದು ಕಳಿಸಿದೆ. ಉತ್ತರ: “ಕೇಬಲ್ ಆಕ್ಸೆಸರಿ ಆಗಿರುವುದರಿಂದ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ತಾವು ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿರುತ್ತೀರಿ.” ಇನ್ನೊಮ್ಮೆ ಬರೆದೆ. ಅದೇ ಉತ್ತರ, ಅಕ್ಷರವೂ ಆಚೀಚೆ ಇಲ್ಲ. ಬಿಲ್ಲಿನ ದುಡ್ಡೂ ವಾಪಸ್ ಇಲ್ಲ.

ನೀವು ಮಾಡಬೇಕಾದ್ದು: ಬೇರೆ ಕೇಬಲ್, ಬೇರೆ ಪೋರ್ಟ್, ಬೇರೆ ಕಂಪ್ಯೂಟರ್, ಲೈವ್ ಪೆನ್‌ಡ್ರೈವ್. ಲೈವ್‌ನಲ್ಲೂ ಅದೇ ಎರರ್ ಬಂದರೆ ನೀವು ಹಾಕಿಕೊಂಡ ಲಿನಕ್ಸಿನ ತಪ್ಪಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇವತ್ತೇ ಆಫ್ ಮಾಡಿ. ಸರ್ವಿಸ್‌ಗೆ ಕೊಡಲೇಬೇಕು ಅಂದರೆ ಒಳಗಿನ ಎಸ್‌ಎಸ್‌ಡಿ ಬಿಚ್ಚಿಟ್ಟುಕೊಂಡು ಕೊಡಿ. ಒಪ್ಪದಿದ್ದರೆ ವಾಪಸ್ ತನ್ನಿ. ಮತ್ತೆ ‘ನೋಡಿದ್ರಾ ಮೇಡಂ’ ಅಂದಾಗ ಕೈಯಲ್ಲಿರುವ ಕೇಬಲ್ ಯಾರದ್ದು ಅಂತ ನೋಡಿ.

ಅಳಿದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್ ಹಾಕಿ ನೋಡಬಹುದಿತ್ತಲ್ಲ ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ. ನೋಡಿದೆ. ಅಳಿದ ಫೈಲ್ ಹುಡುಕುವ ಫೋಟೋರೆಕ್ ಕೂಡ ಓಡಿಸಿದೆ, ರಾತ್ರಿಯಿಡೀ. ಎಸ್‌ಎಸ್‌ಡಿಯಲ್ಲಿ ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದ ಕೂಡಲೇ ವಿಂಡೋಸ್ ಟ್ರಿಮ್ ಕೊಡುತ್ತೆ, ಅಂದರೆ ಈ ಜಾಗ ಇನ್ನು ಬೇಡ ಅಂತ ಎಸ್‌ಎಸ್‌ಡಿಗೆ ಹೇಳುತ್ತೆ, ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆ. ಸಿಕ್ಕಿದ್ದು ವಿಂಡೋಸ್‌ನದೇ ಐಕಾನ್‌ಗಳು. ಹಾರ್ಡ್ ಡಿಸ್ಕಿನಲ್ಲಿರುವ ಕೊನೇ ಪೂರ್ತಿ ಬ್ಯಾಕಪ್ ಐದು ವಾರ ಹಳೇದು. ಆಮೇಲಿನವೆಲ್ಲ ಅರ್ಧಕ್ಕೇ ನಿಂತಿವೆ, ಆ ಕೇಬಲ್ಲಿನಿಂದಾಗಿ.