ನಮ್ಮ ಎರೆ ಹೊಲದ ಮೇಲೆ ಯಾವ ಎಂಜಿನ್? ನಾಲ್ಕನ್ನು ಹಾರಿಸಿ ನೋಡಿದ ಮೇಲೆ

ರೇಡಿಯೊ ನಿಯಂತ್ರಿತ ಮಾದರಿ ವಿಮಾನಕ್ಕೆ ಎಂಜಿನ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಶಕ್ತಿ ಇದೆ?’ ಎಂದು. ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ವಿಮಾನ ಇಳಿಯಲು ಬರುತ್ತಿದೆ, ಥ್ರಾಟಲ್ ತಳಕ್ಕೆ ಇಳಿದಿದೆ, ನೆಲ ಇನ್ನು ಆಳೆತ್ತರದಲ್ಲಿದೆ. ಅಷ್ಟರಲ್ಲಿ ಅಡ್ಡಗಾಳಿ ಬೀಸಿ ರೆಕ್ಕೆ ವಾಲಿತು. ಈಗ ಥ್ರಾಟಲ್ ಮೇಲೆ ತಳ್ಳಿದರೆ ಎಂಜಿನ್ ಆ ಕ್ಷಣದಲ್ಲೇ ಓಗೊಡುತ್ತದೆಯೇ, ಇಲ್ಲವೇ ಕೆಮ್ಮಿ ನಿಂತುಬಿಡುತ್ತದೆಯೇ? ಕಪ್ಪತಗುಡ್ಡದ ಸುತ್ತ ಗಾಳಿಯಂತ್ರ ನೆಟ್ಟಿರುವುದೇ ಅಲ್ಲಿ ಗಾಳಿ ಬಲವಾಗಿದೆ ಎಂದು. ಆಷಾಢದಲ್ಲಿ ಗದಗ ಸೀಮೆಯ ಬಯಲಿನಲ್ಲಿ ನಿಂತವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಎಂಜಿನ್ನಿನ ನಿಜವಾದ ಗುಣ ತಿಳಿಯುವುದು ಏರುವಾಗ ಅಲ್ಲ, ಇಳಿಯುವಾಗ.

ನಾನು ಹೋಲಿಸಿರುವುದು ನಾಲ್ಕನ್ನು. ಮೂರನ್ನು ಒಂದೇ ವಿಮಾನದ ಮೂತಿಗೆ ಬದಲಿಸಿ ಬದಲಿಸಿ ಕಟ್ಟಿದ್ದೇನೆ: 46 ಅಳತೆಯ ಟೂ-ಸ್ಟ್ರೋಕ್ ಗ್ಲೋ ಎಂಜಿನ್ (ಗ್ಲೋ ಎಂದರೆ ಕಿಡಿಯ ಬದಲು ಕಾದ ತಂತಿಯಿಂದ ಇಂಧನ ಹೊತ್ತಿಸುವಂಥದ್ದು), 56 ಅಳತೆಯ ಫೋರ್-ಸ್ಟ್ರೋಕ್ ಗ್ಲೋ ಎಂಜಿನ್, ಬ್ರಷ್‌ಲೆಸ್ ವಿದ್ಯುತ್ ಮೋಟರ್. ವಿಮಾನ ಕಲಿಕೆಯದು, ಮೇಲ್‌ರೆಕ್ಕೆಯದು. ರೆಕ್ಕೆಯ ಉದ್ದ 1.6 ಮೀಟರ್, ತೂಕ ಎರಡೂವರೆ ಕಿಲೋ ಆಸುಪಾಸು. ನಾಲ್ಕನೆಯದಾದ 20 ಸಿಸಿ ಪೆಟ್ರೋಲ್ ಎಂಜಿನ್ ಈ ಮೂತಿಗೆ ಹೊರೆ. ಅದನ್ನು ಗೆಳೆಯರೊಬ್ಬರ ದೊಡ್ಡ ವಿಮಾನದಲ್ಲಿ ಹಾರಿಸಿದ್ದೇನೆ. 46 ಎಂದರೆ 0.46 ಘನ ಇಂಚು, ಸುಮಾರು 7.5 ಸಿಸಿ. 56 ಎಂದರೆ 9 ಸಿಸಿಗೆ ತುಸು ಹೆಚ್ಚು.

ಪೆಟ್ಟಿಗೆಯ ಮೇಲೆ ಅಚ್ಚಾದ ಶಕ್ತಿ ನಮ್ಮಲ್ಲಿ ಪೂರ್ತಿ ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ನಾವಿರುವುದು ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 700 ಮೀಟರ್ ಎತ್ತರದಲ್ಲಿ. ಮೇ ತಿಂಗಳ 38 ಡಿಗ್ರಿ ಬಿಸಿಲೂ ಸೇರಿದರೆ, ಸಮುದ್ರ ಮಟ್ಟದ 15 ಡಿಗ್ರಿ ಗಾಳಿಗಿಂತ ಇಲ್ಲಿನ ಗಾಳಿಯ ಸಾಂದ್ರತೆ ಶೇಕಡಾ 15ರಷ್ಟು ಕಡಿಮೆ. ಉಸಿರಾಡುವ ಎಂಜಿನ್‌ಗಳೆಲ್ಲ ಅಷ್ಟು ಬಲ ಕಳೆದುಕೊಳ್ಳುತ್ತವೆ. ವಿದ್ಯುತ್ ಮೋಟರ್ ಗಾಳಿಯನ್ನು ಕುಡಿಯುವುದಿಲ್ಲ; ಅಲ್ಲಿ ಪ್ರೊಪೆಲ್ಲರ್‌ನ ಹಿಡಿತವಷ್ಟೇ ತಗ್ಗುತ್ತದೆ, ಅಳತೆಯಲ್ಲಿ ಒಂದು ಇಂಚು ದೊಡ್ಡದನ್ನು ಹಾಕಿ ಅದನ್ನು ಸರಿದೂಗಿಸಬಹುದು. ಆದ್ದರಿಂದ 40ರಿಂದ 46 ಎಂದು ಬರೆದಿರುವ ವಿಮಾನಕ್ಕೆ ಇಲ್ಲಿ 46ನ್ನೇ ಹಾಕಿ. 40 ಅಳತೆಯದು ಚಳಿಗಾಲದ ಬೆಳಗ್ಗೆ ಸಾಕೆನಿಸಿದರೂ ಬೇಸಿಗೆಯಲ್ಲಿ ಹೊಲದ ಬದು ದಾಟಿಸಲು ಒದ್ದಾಡುತ್ತದೆ.

ಟೂ-ಸ್ಟ್ರೋಕ್ ಗ್ಲೋ ಎಂಜಿನ್ನಿನಷ್ಟು ಸರಳ ಯಂತ್ರ ಇನ್ನೊಂದಿಲ್ಲ. ಸೈಲೆನ್ಸರ್ ಸೇರಿ ಅರ್ಧ ಕಿಲೋ ತೂಕ, ಕವಾಟಗಳಿಲ್ಲ, ಸ್ಪಾರ್ಕ್ ವ್ಯವಸ್ಥೆ ಇಲ್ಲ. ಗ್ಲೋ ಪ್ಲಗ್ಗಿನ ಪ್ಲಾಟಿನಂ ತಂತಿಗೆ ಒಂದೂವರೆ ವೋಲ್ಟ್ ಕೊಟ್ಟು ಕೆಂಪಗೆ ಕಾಯಿಸಿದರೆ ಸಾಕು. ಎಂಜಿನ್ ಹೊತ್ತಿಕೊಂಡ ಮೇಲೆ ಬ್ಯಾಟರಿ ತೆಗೆದುಬಿಡಬಹುದು. ಮೆಥನಾಲ್ ಆವಿ ಪ್ಲಾಟಿನಂ ಮೇಲೆ ಉರಿಯುತ್ತ ತಂತಿಯನ್ನು ತಾನೇ ಬಿಸಿಯಾಗಿ ಇರಿಸುತ್ತದೆ. ಇಂಧನವೆಂದರೆ ಮೆಥನಾಲ್, ಶೇಕಡಾ 5ರಿಂದ 15ರಷ್ಟು ನೈಟ್ರೋಮೀಥೇನ್, ಉಳಿದದ್ದು ಎಣ್ಣೆ. ಆ ಎಣ್ಣೆಯಲ್ಲಿ ಒಂದು ಪಾಲು ನಮ್ಮ ಔಡಲ ಎಣ್ಣೆಯೇ ಆಗಿದ್ದರೆ ಒಳ್ಳೆಯದು. ಮಿಶ್ರಣ ತುಸು ತೆಳುವಾಗಿ, ಎಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿ, ಎಂಜಿನ್ ಕಾದಾಗ ಸಂಶ್ಲೇಷಿತ ಎಣ್ಣೆ ಸುಟ್ಟುಹೋದರೂ ಔಡಲ ಎಣ್ಣೆ ಲೋಹಕ್ಕೆ ಅಂಟಿಕೊಂಡು ಕಾಯುತ್ತದೆ. ಆದರೆ ಅಂಗಡಿಯ ಔಷಧಿಯ ಎಣ್ಣೆ ಬೇಡ, ಅಂಟು ತೆಗೆದ ದರ್ಜೆಯದೇ ಬೇಕು.

ಇದನ್ನು ಹದಗೊಳಿಸುವುದು ಕಿವಿಯ ಕೆಲಸ, ಅದನ್ನು ಕಲಿಯುವ ಸಂತೋಷವೇ ಬೇರೆ. ಥ್ರಾಟಲ್ ಪೂರ್ತಿ ತೆರೆದು, ಕಾರ್ಬ್ಯುರೇಟರ್‌ಗೆ ಹೋಗುವ ಇಂಧನ ನಳಿಕೆಯನ್ನು ಎರಡು ಬೆರಳಲ್ಲಿ ಒಂದು ಚಿಟಿಕೆಯಷ್ಟು ಹೊತ್ತು ಒತ್ತಿ ಬಿಡಬೇಕು. ದನಿ ಮೇಲೇರಿ ಆಮೇಲೆ ಇಳಿದರೆ ಮಿಶ್ರಣ ಸರಿಯಾದ ದಪ್ಪದಲ್ಲಿದೆ. ಏರದೆ ನೇರವಾಗಿ ಕುಸಿದರೆ ಆಗಲೇ ತೆಳುವಾಗಿದೆ. ಇಂಧನದ ಹರಿವನ್ನು ಹೆಚ್ಚು ಕಡಿಮೆ ಮಾಡುವ ಸೂಜಿಯನ್ನು ಒಂದೆರಡು ಹಲ್ಲು ಹೊರಕ್ಕೆ ತಿರುಗಿಸಬೇಕು. ನಂತರ ಬಾಲವನ್ನು ಗಟ್ಟಿಯಾಗಿ ಹಿಡಿದು ಮೂತಿಯನ್ನು ಆಕಾಶಕ್ಕೆ ಎತ್ತಬೇಕು. ಟ್ಯಾಂಕ್ ಎಂಜಿನ್‌ಗಿಂತ ಕೆಳಗಾಗಿ ಇಂಧನದ ಒತ್ತಡ ತಗ್ಗುತ್ತದೆ. ಆಗಲೂ ದನಿ ಕುಗ್ಗದಿದ್ದರೆ ಹಾರಿಸಬಹುದು. ಮುಂಜಾನೆ ಧಾರವಾಡದ ತಂಪಿನಲ್ಲಿ ಕೂರಿಸಿದ ಸೂಜಿ ಹನ್ನೊಂದು ಗಂಟೆಯ ಬಿಸಿಲಿಗೆ ಹೊಂದುವುದಿಲ್ಲ, ಮತ್ತೆ ನೋಡಲೇಬೇಕು.

ಇಳಿಯುವ ಪರೀಕ್ಷೆಯಲ್ಲಿ ಇದಕ್ಕೆ ನಾನು ಮಧ್ಯಮ ಅಂಕ ಕೊಡುತ್ತೇನೆ. ನಿಧಾನ ಓಟದಲ್ಲಿ ಬಹಳ ಹೊತ್ತು ಇದ್ದರೆ ಒಳಗೆ ಹಸಿ ಇಂಧನ ಕೂಡಿಕೊಳ್ಳುತ್ತದೆ, ಪ್ಲಗ್ ತಣಿಯುತ್ತದೆ, ಥ್ರಾಟಲ್ ಕೊಟ್ಟಾಗ ಒಂದು ಅರೆಕ್ಷಣ ತಡವರಿಸುತ್ತದೆ. ನಿಧಾನ ಓಟದ ಸ್ಕ್ರೂವನ್ನು ತಾಳ್ಮೆಯಿಂದ ಹದಗೊಳಿಸಿದರೆ ಈ ತಡವರಿಕೆ ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನು, ಹೊಗೆಯೊಂದಿಗೆ ಬಂದ ಎಣ್ಣೆ ವಿಮಾನದ ಹೊಟ್ಟೆಗೆಲ್ಲ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು ಕೂತರೆ ಒರೆಸುವುದೇ ಒಂದು ಕೆಲಸ. ಎಲ್ಲಕ್ಕಿಂತ ದೊಡ್ಡ ತೊಡಕು ಇಂಧನವೇ. ಮೆಥನಾಲ್ ವಿಷವಸ್ತು, ಅದರ ಮಾರಾಟಕ್ಕೆ ಸರ್ಕಾರದ ಕಟ್ಟುಪಾಡಿದೆ; ಬೇಕೆಂದಾಗ ಪೇಟೆಗೆ ಹೋಗಿ ತರುವ ವಸ್ತುವಲ್ಲ. ಕ್ಯಾನಿನ ಮುಚ್ಚಳ ಸಡಿಲವಿದ್ದರೆ ಗಾಳಿಯ ತೇವವನ್ನು ಹೀರಿ ಕೆಡುತ್ತದೆ. ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವವರು ಈ ಮಾತನ್ನು ಮರೆಯಬಾರದು.

ಫೋರ್-ಸ್ಟ್ರೋಕ್ ನನ್ನ ಪ್ರೀತಿಯದು, ಅದನ್ನು ಮುಚ್ಚಿಡುವುದಿಲ್ಲ. ಟೂ-ಸ್ಟ್ರೋಕ್ 11×6 ಪ್ರೊಪೆಲ್ಲರ್ (11 ಇಂಚು ವ್ಯಾಸ, ಒಂದು ಸುತ್ತಿಗೆ 6 ಇಂಚು ಮುನ್ನಡೆ) ಹಿಡಿದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ಕಿರುಚುವಾಗ, 56 ಅಳತೆಯ ಫೋರ್-ಸ್ಟ್ರೋಕ್ 12×7 ಪ್ರೊಪೆಲ್ಲರನ್ನು ಎರಡು ಮೂರು ಸಾವಿರ ಸುತ್ತು ಕಡಿಮೆಯಲ್ಲೇ ತಿರುಗಿಸಿ ಅದೇ ವಿಮಾನವನ್ನು ಅಷ್ಟೇ ಸಲೀಸಾಗಿ ಎಳೆಯುತ್ತದೆ. ದನಿ ತಗ್ಗಿದ್ದು, ಗುಂಡಾದದ್ದು. ಪಕ್ಕದ ಹೊಲದಲ್ಲಿ ದುಡಿಯುವವರು ತಲೆ ಎತ್ತಿ ಗೊಣಗುವುದಿಲ್ಲ. ಊರಿನ ಹೊಲದಲ್ಲಿ ವರ್ಷಗಟ್ಟಲೆ ಹಾರಿಸಬೇಕಾದವನಿಗೆ ಇದು ಸಣ್ಣ ವಿಷಯವಲ್ಲ. ಟೂ-ಸ್ಟ್ರೋಕಿಗೆ ಹನ್ನೆರಡು ಹದಿನೈದು ನಿಮಿಷ ಬರುವ 300 ಮಿಲಿಲೀಟರ್ ಟ್ಯಾಂಕಿನಲ್ಲಿ ಇದು ಹತ್ತಿರ ಹತ್ತಿರ 20 ನಿಮಿಷ ಓಡುತ್ತದೆ.

ನವಲಗುಂದದ ಕಡೆ, ಕಡಲೆ ಕಿತ್ತ ಎರೆ ಹೊಲದ ನಡುವಿನ ಬಂಡಿದಾರಿಯೇ ನಮ್ಮ ರನ್‌ವೇ. ಎರಡು ಬದಿಗೂ ಬಿರುಕು. ಚಕ್ರ ಒಂದು ಗೇಣು ಆಚೆ ಹೋದರೆ ಮೂತಿ ನೆಲಕ್ಕೆ ಬಡಿಯುತ್ತದೆ. ಅಲ್ಲಿ ಗಾಳಿ ತಿರುಗಿದ ಒಂದು ಮಧ್ಯಾಹ್ನ, ವಿಮಾನ ದಾರಿಯಿಂದ ಪಕ್ಕಕ್ಕೆ ಸರಿಯುತ್ತ ಮೊಣಕಾಲೆತ್ತರಕ್ಕೆ ಇಳಿದಿತ್ತು. ಫೋರ್-ಸ್ಟ್ರೋಕ್ ಇನ್ನೂ ಟಕ ಟಕ ಎನ್ನುತ್ತಲೇ ಇತ್ತು, ಒಂದೊಂದು ಹೊಡೆತವನ್ನೂ ಎಣಿಸಬಹುದು ಎನ್ನುವಷ್ಟು ನಿಧಾನವಾಗಿ. ಥ್ರಾಟಲ್ ಅರ್ಧಕ್ಕೆ ತಳ್ಳಿದೆ. ದೊಡ್ಡ ಪ್ರೊಪೆಲ್ಲರ್ ಗಾಳಿಯನ್ನು ಕಚ್ಚಿತು, ಬಾಲಕ್ಕೆ ಗಾಳಿ ಸಿಕ್ಕಿತು, ವಿಮಾನ ಬಿರುಕುಗಳ ಮೇಲಿಂದ ಎದ್ದು ಹೋಯಿತು. ನಿಧಾನ ಓಟ ಮತ್ತು ಮರುಜೀವದ ಈ ನಂಬಿಕೆಗಾಗಿಯೇ ನಾನು ಹೆಚ್ಚು ಬೆಲೆ ಕೊಡಲು ಸಿದ್ಧ.

ಬೆಲೆ ನಿಜಕ್ಕೂ ಹೆಚ್ಚು. ಕವಾಟಗಳ ಅಂತರವನ್ನು ಆಗಾಗ ನೋಡಬೇಕು, ಜಪಾನಿನ ಒ.ಎಸ್. ಕಂಪನಿಯ ಎಂಜಿನ್‌ಗಳಲ್ಲಿ ಅದು 0.04ರಿಂದ 0.1 ಮಿಲಿಮೀಟರ್, ಎಂಜಿನ್ ತಣ್ಣಗಿರುವಾಗಲೇ ಅಳೆಯಬೇಕು. ಮಿಶ್ರಣ ತೆಳುವಾದರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತದೆ, ಆ ಒದೆತಕ್ಕೆ ಪ್ರೊಪೆಲ್ಲರ್ ಸಡಿಲವಾಗಿ ಹಾರಿಹೋಗಬಹುದು. ಎರಡು ನಟ್ ಕಡ್ಡಾಯ. ಎಂಜಿನ್ ಹೊತ್ತಿಸಲು ಬೆರಳಿನಿಂದ ತಿರುಗಿಸುವುದು ಬೇಡ, ಸ್ಟಾರ್ಟರ್ ಇಲ್ಲವೇ ದಪ್ಪ ಕೋಲು ಬಳಸಿ.

ಪೆಟ್ರೋಲ್ ಎಂಜಿನ್ನಿನ ಆಕರ್ಷಣೆ ಇಂಧನ. ಬಂಕಿನ ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಿದರೆ ಆಯಿತು. ಮೂವತ್ತರಿಂದ ನಲವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ವಿಮಾನದ ಹೊಟ್ಟೆ ಒರೆಸುವ ಕೆಲಸವೂ ಕಡಿಮೆ. ಸ್ಪಾರ್ಕ್ ಇರುವುದರಿಂದ ಒಮ್ಮೆ ಹದಗೊಳಿಸಿದರೆ ತಿಂಗಳುಗಟ್ಟಲೆ ಸೂಜಿ ಮುಟ್ಟಬೇಕಿಲ್ಲ. ಇಳಿಯುವಾಗಿನ ನಂಬಿಕೆಯಲ್ಲಿ ಫೋರ್-ಸ್ಟ್ರೋಕಿಗೆ ಸಮ ಎಂದೇ ಹೇಳುತ್ತೇನೆ. ಆದರೆ ಇಗ್ನಿಷನ್ ಪೆಟ್ಟಿಗೆ, ಅದಕ್ಕೊಂದು ಬೇರೆ ಬ್ಯಾಟರಿ, ದೂರದಿಂದಲೇ ಎಂಜಿನ್ ನಿಲ್ಲಿಸುವ ಸ್ವಿಚ್ ಎಲ್ಲ ಸೇರಿ ತೂಕ ಏರುತ್ತದೆ. 20 ಸಿಸಿ ಎಂಜಿನ್‌ಗೆ ಐದು ಕಿಲೋ ತೂಗುವ ವಿಮಾನ ಬೇಕು, ಅದು ಕಲಿಯುವವರ ಕೈಗಲ್ಲ. ನಡುಕವೂ ಹೆಚ್ಚು, ಸ್ಕ್ರೂಗಳಿಗೆಲ್ಲ ಲಾಕ್ ದ್ರವ ಹಾಕಬೇಕು. ಗ್ಲೋ ಎಂಜಿನ್ನಿನ ಸಿಲಿಕೋನ್ ನಳಿಕೆ ಪೆಟ್ರೋಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಬೇರೆ ನಳಿಕೆಯೇ ಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ ಹಾರಾಟ ಮುಗಿದ ಮೇಲೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವ ಅಭ್ಯಾಸ ಒಳ್ಳೆಯದು; ಇಲ್ಲವಾದರೆ ಒಳಗಿನ ಪೊರೆ ಗಡುಸಾಗಿ ಎಂಜಿನ್ ಹೊತ್ತಿಕೊಳ್ಳಲು ಸತಾಯಿಸುತ್ತದೆ.

ವಿದ್ಯುತ್ ಮೋಟರ್ ಬಗ್ಗೆ ಹಳೆಯ ಹಾರಾಟಗಾರರಲ್ಲಿ ಒಂದು ತಾತ್ಸಾರವಿದೆ. ಅದನ್ನು ನಾನು ಒಪ್ಪುವುದಿಲ್ಲ. ಪ್ರತಿ ವೋಲ್ಟಿಗೆ 750 ಸುತ್ತಿನ ಮೋಟರ್, ನಾಲ್ಕು ಕೋಶಗಳ 14.8 ವೋಲ್ಟ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 60 ಆಂಪಿಯರ್ ವೇಗ ನಿಯಂತ್ರಕ, 12×6 ಪ್ರೊಪೆಲ್ಲರ್: ಈ ಜೋಡಣೆ ನಮ್ಮ ಅದೇ ವಿಮಾನವನ್ನು 46 ಎಂಜಿನ್ ಎಳೆದಷ್ಟೇ ಸಮಾಧಾನವಾಗಿ ಎಳೆಯಿತು. ಕಲಿಕೆಯ ವಿಮಾನಕ್ಕೆ ಕಿಲೋಗೆ 150ರಿಂದ 200 ವಾಟ್ ಸಾಕು, ಇಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಇಳಿಯುವ ಪರೀಕ್ಷೆಯಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ: ಪ್ರೊಪೆಲ್ಲರ್ ಪೂರ್ತಿ ನಿಂತಿದ್ದರೂ ಥ್ರಾಟಲ್ ಕೊಟ್ಟೊಡನೆ ತಿರುಗುತ್ತದೆ. ಕೊರತೆ ಎಂದರೆ ಸಮಯ. 5000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಗೆ ಎಂಟರಿಂದ ಹತ್ತು ನಿಮಿಷ. ಆಮೇಲೆ ಇನ್ನೊಂದು ಬ್ಯಾಟರಿ ಬೇಕು, ಇಲ್ಲವೇ ಹೊಲದ ಅಂಚಿನಲ್ಲಿ ಕಾರಿನ ಬ್ಯಾಟರಿಯಿಂದ ಚಾರ್ಜ್ ಮಾಡುತ್ತ ಕೂರಬೇಕು. ಟ್ಯಾಂಕ್ ಬರಿದಾದ ವಿಮಾನ ಹಗುರಾಗಿ ಇಳಿಯುತ್ತದೆ, ಬ್ಯಾಟರಿಯದು ಏರಿದ ತೂಕದಲ್ಲೇ ಇಳಿಯುತ್ತದೆ.

ಲಿಪೊಗೆ ನಮ್ಮ ಬೇಸಿಗೆಯೇ ಶತ್ರು. ಮುಚ್ಚಿದ ಕಾರಿನಲ್ಲಿ ಬಿಡಬೇಡಿ. ಒಂದು ವಾರ ಹಾರಿಸುವುದಿಲ್ಲ ಎಂದಾದರೆ ಕೋಶಕ್ಕೆ 3.8 ವೋಲ್ಟಿಗೆ ಇಳಿಸಿಡಿ, 4.2ರಲ್ಲಿ ತುಂಬಿಟ್ಟರೆ ಉಬ್ಬುತ್ತದೆ. ಬ್ಯಾಟರಿ ಜೋಡಿಸಿದ ಮರುಕ್ಷಣದಿಂದ ಪ್ರೊಪೆಲ್ಲರ್ ಯಾವಾಗ ಬೇಕಾದರೂ ತಿರುಗಬಹುದು ಎಂದೇ ಭಾವಿಸಿ, ಅದರ ಮುಂದೆ ಕೈ ತರಬೇಡಿ.

ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಒಬ್ಬರೇ ಕಲಿಯಲು ಹೊರಟಿದ್ದರೆ ವಿದ್ಯುತ್ ಮೋಟರ್ ಕೊಳ್ಳಿ. ಮೆಥನಾಲ್ ಹುಡುಕುತ್ತ ರಜೆ ಕಳೆಯಬೇಡಿ. ಜೊತೆಗೆ ಅನುಭವಿಗಳಿದ್ದು ಇಂಧನ ಹಂಚಿಕೊಳ್ಳುವ ಗುಂಪಿದ್ದರೆ ಫೋರ್-ಸ್ಟ್ರೋಕ್. ಟೂ-ಸ್ಟ್ರೋಕ್ ಈಗ ನನ್ನ ಮೂರನೆಯ ಆಯ್ಕೆ. ಯಂತ್ರವನ್ನು ಕೈಯಾರೆ ಅರಿಯಬೇಕೆನ್ನುವ ಕಾಲೇಜು ಹುಡುಗ ಹುಡುಗಿಯರಿಗೆ ಮಾತ್ರ ಅದೇ ಮೊದಲನೆಯದು. ಯಾವುದೇ ಇರಲಿ, ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೂರ ಹೋಗಿ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಎಲ್ಲೆಯಿಂದ 12 ಕಿಲೋಮೀಟರ್ ಆಚೆ ಹಸಿರು ವಲಯವಾಗಿದ್ದರೆ (ಮುಂಗಡ ಅನುಮತಿ ಬೇಡದ ಪ್ರದೇಶ) 400 ಅಡಿಯವರೆಗೆ ಹಾರಿಸಬಹುದು. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನಿಮ್ಮ ಹೊಲದ ಬಣ್ಣ ನೋಡಿಕೊಳ್ಳಿ.

ಬಳಸಿದ ಫೋರ್-ಸ್ಟ್ರೋಕ್ ಕಡಿಮೆ ಬೆಲೆಗೆ ಸಿಕ್ಕರೆ ಬಿಡಬೇಡಿ, ಆದರೆ ಕೊಳ್ಳುವ ಮುನ್ನ ಪ್ರೊಪೆಲ್ಲರನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಗರಗರ ಎಂದರೆ ಬೇರಿಂಗ್ ತುಕ್ಕು ಹಿಡಿದಿದೆ. ಅದನ್ನು ಬದಲಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಪೂರ್ತಿ ಬಿಗಿದುಕೊಂಡಿದ್ದರೆ ಹೆಚ್ಚಾಗಿ ಒಣಗಿದ ಔಡಲ ಎಣ್ಣೆಯ ಅಂಟು, ಬಿಸಿ ಮಾಡಿದರೆ ಬಿಡುತ್ತದೆ. ಒತ್ತಡವೇ ಸಿಗದೆ ಸಲೀಸಾಗಿ ತಿರುಗಿದರೆ ಮೊದಲು ಕವಾಟಗಳ ಅಂತರ ನೋಡಿ. ಅದು ಸರಿಯಿದ್ದೂ ಒತ್ತಡ ಇಲ್ಲವಾದರೆ ವಾಪಸ್ ಕೊಡಿ.