ಬೋರ್ ಹಾಕಿಸುವ ಮುಂಚೆ ಮೀಟರ್ ಸರ್ವೆ: ಬೀದರ್ ಕಡೆಯ ರೈತರಿಗೆ ನನ್ನ ಅನುಭವ

ಬೀದರ್ ತಾಲ್ಲೂಕಿನ ನಮ್ಮ ಹೊಲಕ್ಕೆ ಒಬ್ಬ ಭೂವಿಜ್ಞಾನಿಯನ್ನು ಕರೆಸಿ ರೆಸಿಸ್ಟಿವಿಟಿ ಸರ್ವೆ ಮಾಡಿಸಿದೆವು, ಅಂದರೆ ನೆಲಕ್ಕೆ ಕರೆಂಟ್ ಬಿಟ್ಟು, ನೆಲ ಅದನ್ನು ಎಷ್ಟು ತಡೆಯುತ್ತದೆ ಅಂತ ಮೀಟರಿನಲ್ಲಿ ಅಳೆದು ನೀರಿನ ಜಾಗ ಅಂದಾಜು ಮಾಡುವುದು. ಕೊಟ್ಟ ರೊಕ್ಕಕ್ಕೆ ಮೋಸ ಇಲ್ಲ. ಆದರೆ ನೀರಿನ ಗ್ಯಾರಂಟಿ ಬೇಕು ಅನ್ನುವವರು ಮಾಡಿಸಬೇಡಿ, ಆ ಗ್ಯಾರಂಟಿ ಯಾರ ಹತ್ತಿರವೂ ಇಲ್ಲ.

ಕೆಲಸ ಹೀಗೆ. ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಸರಳು ನೆಡುತ್ತಾರೆ. ಹೊರಗಿನ ಎರಡರಿಂದ ಕರೆಂಟ್ ಬಿಡುತ್ತಾರೆ, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೆಯುತ್ತಾರೆ. ಶಾಲೆಯಲ್ಲಿ ಕಲಿತ ಓಮ್ ನಿಯಮವೇ ಇದು. ಅಕ್ಕಪಕ್ಕದ ಸರಳುಗಳ ನಡುವೆ ಸಮನಾಗಿ 20 ಮೀಟರ್ ಇದ್ದಾಗ 250 ಮಿಲಿ ಆಂಪಿಯರ್ ಕರೆಂಟಿಗೆ 100 ಮಿಲಿ ವೋಲ್ಟ್ ಬಂದರೆ ರೋಧ 0.4 ಓಮ್. ಅದನ್ನು 2 ಪೈ ಮತ್ತು 20ರಿಂದ ಗುಣಿಸಿದರೆ ಸುಮಾರು 50 ಓಮ್-ಮೀಟರ್, ಇದೇ ನೆಲದ ರೆಸಿಸ್ಟಿವಿಟಿಯ ಅಂಕಿ. ಸರಳುಗಳನ್ನು ದೂರ ದೂರ ನೆಟ್ಟಷ್ಟೂ ಇನ್ನೂ ಆಳದ ಪದರದ ಸುದ್ದಿ ಸಿಗುತ್ತದೆ. ನಮ್ಮ ಕೆಂಪು ಕಲ್ಲು ಒಣಗಿತ್ತು, ಕರೆಂಟ್ ಇಳಿಯುತ್ತಿರಲಿಲ್ಲ, ಅದಕ್ಕೆ ಸರಳಿನ ಬುಡಕ್ಕೆ ಉಪ್ಪು ನೀರು ಹಾಕಿದರು.

ನಮ್ಮ ನೆಲಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಮೇಲೆ ಜಂಬಿಟ್ಟಿಗೆ ಅನ್ನುವ ಆ ಕೆಂಪು ಕಲ್ಲು, ಅದರ ಕೆಳಗೆ ಜೇಡಿಮಣ್ಣು, ಆಮೇಲೆ ಕರಿ ಕಲ್ಲು. ಆ ಕರಿ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾದದ್ದು. ಒಂದೊಂದು ಪದರದ ನಡುಭಾಗ ಗಟ್ಟಿ, ಮೇಲ್ಭಾಗದಲ್ಲಿ ಸಣ್ಣ ತೂತುಗಳು. ನೀರು ಸಾಮಾನ್ಯವಾಗಿ ಸಿಗುವುದು ಎರಡು ಪದರ ಕೂಡುವಲ್ಲಿ, ಇಲ್ಲವೇ ಕಲ್ಲು ಬಿರುಕು ಬಿಟ್ಟಲ್ಲಿ. ಒಣ ಜಂಬಿಟ್ಟಿಗೆ ಮತ್ತು ಗಟ್ಟಿ ಕಲ್ಲಿನ ಅಂಕಿ ಮೇಲೇರುತ್ತದೆ, ನೀರು ತುಂಬಿದ ಬಿರುಕು ಕಲ್ಲಿನದು ಇಳಿಯುತ್ತದೆ.

ತೊಡಕು ಇಲ್ಲೇ ಇರುವುದು. ಜೇಡಿಯ ಅಂಕಿಯೂ ಇಳಿಯುತ್ತದೆ! ಈ ಅಂಕಿಗಳಿಂದ ಬರುವ ಗ್ರಾಫ್ ಎಲ್ಲ ಪದರಗಳ ಬೆರಕೆ, ಅದೇ ಗ್ರಾಫಿಗೆ ಎರಡು ಮೂರು ಬೇರೆ ಬೇರೆ ಉತ್ತರ ಹೊಂದಬಹುದು. ನೂರು ಮೀಟರ್ ಕೆಳಗಿನ ಸಣ್ಣ ಬಿರುಕಂತೂ ಮೇಲಿಂದ ಕಾಣುವುದೇ ಇಲ್ಲ. ಇದನ್ನು ಭೂವಿಜ್ಞಾನಿಯೇ ಮೊದಲು ಹೇಳಿದರು, ಪಕ್ಕದ ಹೊಲದ ಹಳೆ ಬೋರಿನ ವಿವರ ಕೇಳಿ ಗ್ರಾಫಿಗೆ ಹೊಂದಿಸಿ ನೋಡಿದರು. ನನಗೆ ನಂಬಿಕೆ ಬಂದದ್ದು ಅಲ್ಲಿಯೇ.

ನಮ್ಮ ಕಾಕಾ ತೆಂಗಿನಕಾಯಿ ಹಿಡಿದು ಬೇವಿನ ಮರದ ಹತ್ತಿರ ಗುರುತು ಮಾಡಿದ್ದರು. "ಕಾಕಾ, ಇಲ್ಲಿ ಕಲ್ಲು ಭಾಳ ಗಟ್ಟಿ ಅದ, ರೊಕ್ಕ ಹಾಕಬ್ಯಾಡ್ರಿ" ಅಂದರು ಭೂವಿಜ್ಞಾನಿ, ಗ್ರಾಫ್ ತೋರಿಸಿ. ಕಾಕಾ ಒಪ್ಪಿದರು. ಬೇರೆ ಜಾಗದಲ್ಲಿ ಕೊರೆಸಿದೆವು, ಎರಡು ಇಂಚು ನೀರು ಬಂತು. ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಕೇಸಿಂಗ್, ಅಂದರೆ ಮೇಲಿನ ಮಣ್ಣು ಕುಸಿಯದಂತೆ ಬೋರಿನೊಳಗೆ ಇಳಿಸುವ ಪೈಪ್. ಜೇಡಿ ಎಲ್ಲಿಯವರೆಗೆ ಇದೆ ಅಂತ ಹೇಳಿದ್ದರೋ ಹೆಚ್ಚುಕಡಿಮೆ ಅಲ್ಲಿಗೇ ಪೈಪ್ ನಿಂತಿತು. ಸುಮ್ನೆ ಪೈಪ್ ತಂದು ಉಳಿಸಿಕೊಳ್ಳುವುದು ತಪ್ಪಿತು.

ಬೇಸರ ಒಂದೇ, ವರದಿ ಪೂರ್ತಿ ಇಂಗ್ಲಿಷಿನಲ್ಲಿ ಇತ್ತು. ರೈತರಿಗೆ ಕೊಡುವ ಕಾಗದ ಕನ್ನಡದಲ್ಲಿ ಇರಬೇಕು ಅಲ್ವಾ? ಇನ್ನೊಂದು ಮಾತು, ಆಳ ನೋಡಲು ಇನ್ನೂರು ಮುನ್ನೂರು ಮೀಟರ್ ಉದ್ದ ಕೇಬಲ್ ಎಳೆಯಬೇಕು. ಸಣ್ಣ ಹೊಲದವರು ಪಕ್ಕದವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ತಂತಿ ಬೇಲಿ ಮತ್ತು ಕರೆಂಟ್ ಲೈನಿನಿಂದ ದೂರ ಇರುವ ಸಾಲು ಆರಿಸಿ.